ಗರ್ಭದಲ್ಲಿ ಬರೆದ ವಿಳಾಸ

ಹಾವೇರಿ ಜಿಲ್ಲೆಯ ಕದರಮಂಡಲಗಿಯ ಕಾಂತೇಶ ದೇವರಿಗೆ ಹರಕೆ ಹೊತ್ತು ಹುಬ್ಬಳ್ಳಿಯ ಕಡೆಗೋ ದಾವಣಗೆರೆಯ ಕಡೆಗೋ ಬಸ್ಸು ಹತ್ತುವ ಕುಟುಂಬಗಳ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ ಇದ್ದೇ ಇರುತ್ತದೆ. ಅದರಲ್ಲಿ ಸ್ಕ್ಯಾನಿಂಗ್ ಫಿಲ್ಮು, ರಕ್ತದ ರಿಪೋರ್ಟು, ಔಷಧದ ಚೀಟಿಗಳು, ಎಲ್ಲಕ್ಕಿಂತ ಅಡಿಯಲ್ಲಿ ಬಯಾಪ್ಸಿಯ ಹಾಳೆ. ಅಂಡಾಶಯದ ಕ್ಯಾನ್ಸರ್ ಎಂದು ಗೊತ್ತಾದವರ ಹಾಳೆಯ ಕೊನೆಯಲ್ಲಿ ಬಹಳ ಸಲ ಮೂರು ಸಾಲು ಕಾಣುತ್ತವೆ: ಪ್ಯಾಕ್ಸ್8 ಪಾಸಿಟಿವ್, ಡಬ್ಲ್ಯುಟಿ1 ಪಾಸಿಟಿವ್, ಪಿ53 ಮ್ಯುಟೆಂಟ್ ಮಾದರಿ. ಡಾಕ್ಟರು ಅದನ್ನು ನೋಡಿ ತಲೆಯಾಡಿಸಿ ಕೀಮೋ ಯಾವಾಗ ಶುರು ಎಂದು ಹೇಳುತ್ತಾರೆ. ಆ ಮೂರು ಸಾಲು ಏನು ಎಂದು ಕೇಳುವಷ್ಟು ಹೊತ್ತು ಯಾರಿಗೂ ಇರುವುದಿಲ್ಲ. ಬಾಗಿಲ ಹೊರಗೆ ಬಂದ ಮೇಲೆ ಮಗಳು ಕೇಳುವುದು ಬೇರೆ: ‘ಇದು ನನಗೂ ಬರ್ತೈತೇನ್ರಿ? ನನ್ನ ಮಗಳಿಗೆ?’

ಮಗಳ ಪ್ರಶ್ನೆಗೆ ಉತ್ತರ ಬೇಕಾದರೆ ಆ ಮೂರು ಸಾಲು ಅರ್ಥವಾಗಬೇಕು. ಮೊದಲ ಎರಡು ಸಾಲಿನಲ್ಲಿರುವುದು ಆ ತಾಯಿಯ ದೇಹವನ್ನು ಕಟ್ಟಿದ ಜೀನ್‌ಗಳ ಹೆಸರು. ಆಕೆ ತನ್ನ ಅವ್ವನ ಬಸಿರಿನಲ್ಲಿ ಒಂದು ಅಂಗುಲವೂ ಉದ್ದವಿಲ್ಲದೆ ಇದ್ದಾಗ, ಎಲ್ಲಿ ಏನು ಬೆಳೆಯಬೇಕು ಎಂದು ಹೇಳಿದ ಜೀನ್‌ಗಳ ಗುಂಪಿಗೆ ಅವು ಸೇರಿವೆ. ಐವತ್ತು ಅರವತ್ತು ವರ್ಷವಾದ ಮೇಲೆ ಅದೇ ಹೆಸರುಗಳು ಕ್ಯಾನ್ಸರಿನ ಗಡ್ಡೆಯ ಗುರುತಾಗಿ ಕಾಗದದ ಮೇಲೆ ಬರುತ್ತವೆ.

ಬಸಿರಿನ ಆರೇಳನೆಯ ವಾರದಲ್ಲಿ ಗಂಡು ಹೆಣ್ಣು ಎರಡೂ ಭ್ರೂಣಗಳ ಒಳಗೆ ಎರಡು ಜೊತೆ ಕೊಳವೆಗಳಿರುತ್ತವೆ. ಒಂದು ಜೊತೆಗೆ ಜರ್ಮನಿಯ ಯೊಹಾನೆಸ್ ಮ್ಯುಲರ್ ಹೆಸರು. ಆತ ಅದನ್ನು 1830ರಲ್ಲಿ ವಿವರಿಸಿದ. ಗಂಡು ಶಿಶುವಿನ ವೃಷಣ ಒಂದು ಹಾರ್ಮೋನು ಸುರಿಸಿ ಆ ಜೊತೆಯನ್ನು ಕರಗಿಸಿಬಿಡುತ್ತದೆ. ಹೆಣ್ಣು ಶಿಶುವಿನಲ್ಲಿ ಅದು ಉಳಿದು ಬೆಳೆಯುತ್ತದೆ. ಮೇಲಿನ ಭಾಗ ಅಂಡನಾಳವಾಗುತ್ತದೆ. ಕೆಳಗೆ ಎರಡೂ ಕೊಳವೆ ಕೂಡಿಕೊಂಡು ಗರ್ಭಕೋಶ, ಅಂದರೆ ನಮ್ಮ ಕಡೆ ಹೆಂಗಸರು ಹೇಳುವ ಗರ್ಭಚೀಲ, ಅದರ ಕೆಳಗೆ ಗರ್ಭಕಂಠ, ಯೋನಿಯ ಮೇಲ್ಭಾಗ. ಇಷ್ಟೆಲ್ಲ ಆಗುವುದು ಒಂದೇ ಬಗೆಯ ಕೊಳವೆಯಿಂದ. ಹಾಗಾದರೆ ಇಲ್ಲಿ ನಾಳ, ಇಲ್ಲಿ ಚೀಲ ಎಂದು ಆ ಜೀವಕೋಶಗಳಿಗೆ ತಿಳಿಸುವವರು ಯಾರು?

ಹಾಕ್ಸ್ ಎಂಬ ಜೀನ್‌ಗಳು. ಮನುಷ್ಯರಲ್ಲಿ ಇವು 39, ನಾಲ್ಕು ಗುಂಪುಗಳಲ್ಲಿ ಸಾಲಾಗಿ ಕೂತಿವೆ. ಮ್ಯುಲರ್ ಕೊಳವೆಯ ಉದ್ದಕ್ಕೂ ಇವು ವಿಳಾಸ ಬರೆಯುತ್ತವೆ ಎನ್ನಬಹುದು. ಹಾಕ್ಸ್‌ಎ9 ಕೆಲಸ ಮಾಡುವ ಕಡೆ ಅಂಡನಾಳ, ಹಾಕ್ಸ್‌ಎ10 ಇರುವ ಕಡೆ ಗರ್ಭಕೋಶ, ಹಾಕ್ಸ್‌ಎ11 ಗರ್ಭಕೋಶದ ಕೆಳಭಾಗ ಮತ್ತು ಕಂಠ, ಹಾಕ್ಸ್‌ಎ13 ಯೋನಿ. ಕ್ರೋಮೋಸೋಮಿನ ಮೇಲೆ ಇವು ಯಾವ ಸರದಿಯಲ್ಲಿ ಕೂತಿವೆಯೋ ದೇಹದಲ್ಲಿಯೂ ಅದೇ ಸರದಿ. ಇಲಿಯಲ್ಲಿ ಹಾಕ್ಸ್‌ಎ10 ಜೀನನ್ನು ಕೆಡಿಸಿ ನೋಡಿದಾಗ ಗರ್ಭಕೋಶದ ಮೇಲಿನ ತುಂಡು ಅಂಡನಾಳದ ರೂಪಕ್ಕೆ ತಿರುಗಿತು. ವಿಳಾಸ ತಪ್ಪಿದರೆ ಅಂಗವೇ ಬದಲಾಗುತ್ತದೆ.

ಈ ತಿಳಿವಳಿಕೆ ಬಂದದ್ದು ಹಣ್ಣಿನ ನೊಣದಿಂದ. ಮಾಗಿದ ಬಾಳೆಹಣ್ಣಿನ ಮೇಲೆ ಮುತ್ತುವ ಆ ಸಣ್ಣ ನೊಣದಲ್ಲಿ ಒಂದು ಜೀನ್ ಕೆಟ್ಟರೆ ಎರಡು ರೆಕ್ಕೆಯ ಬದಲು ನಾಲ್ಕು ರೆಕ್ಕೆ ಬರುತ್ತವೆ. ಅಮೆರಿಕದ ಎಡ್ವರ್ಡ್ ಲೂಯಿಸ್ ಹತ್ತಾರು ವರ್ಷ ಇದರ ಹಿಂದೆ ಬಿದ್ದರು; 1995ರಲ್ಲಿ ಕ್ರಿಸ್ಟಿಯಾನೆ ನ್ಯುಸ್ಲೈನ್ ಫೋಲ್ಹಾರ್ಡ್ ಮತ್ತು ಎರಿಕ್ ವೀಶೌಸ್ ಜೊತೆಗೆ ಅವರಿಗೆ ನೊಬೆಲ್ ಬಂತು. ನಮ್ಮ ಧಾರವಾಡದ ಕೃಷಿ ಕಾಲೇಜಿನಲ್ಲಿ ಓದಿ, ಕೇಂಬ್ರಿಜ್‌ನಲ್ಲಿ ಪಿಎಚ್‌ಡಿ ಮಾಡಿದ ಎಲ್.ಎಸ್. ಶಶಿಧರ ಅವರು ಹೈದರಾಬಾದಿನಲ್ಲಿ, ಆಮೇಲೆ ಪುಣೆಯಲ್ಲಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದು ಇದೇ ಅಲ್ಟ್ರಾಬೈಥೊರಾಕ್ಸ್ ಎಂಬ ಹಾಕ್ಸ್ ಜೀನನ್ನು. ನೊಣದ ರೆಕ್ಕೆಯ ಪ್ರಶ್ನೆಯಿಂದ ಹೊರಟವರು ಪುಣೆಯಲ್ಲಿ ಸ್ತನ ಕ್ಯಾನ್ಸರಿನ ಸಂಶೋಧನೆಗೂ ಕೈಹಾಕಿದರು. ನೊಣ ನೋಡುತ್ತಾ ಕೂತರೆ ರೋಗಿಗೇನು ಲಾಭ ಎಂದು ಕೇಳುವವರು ಇಂದಿಗೂ ಇದ್ದಾರೆ. ಹುಬ್ಬಳ್ಳಿಯ ಬಯಾಪ್ಸಿ ಹಾಳೆಯನ್ನು ಓದಲು ಬೇಕಾದ ಅಕ್ಷರಮಾಲೆ ಬಂದದ್ದು ಅಲ್ಲಿಂದಲೇ ಎಂದು ಅವರಿಗೆ ಹೇಳಬೇಕಾಗುತ್ತದೆ.

ಇನ್ನು ಅಂಡಾಶಯದ ವಿಷಯ. ವೈದ್ಯರನ್ನು ಬಹುಕಾಲ ಕಾಡಿದ ಒಂದು ಒಗಟು ಇಲ್ಲಿದೆ. ಅಂಡಾಶಯ ಮ್ಯುಲರ್ ಕೊಳವೆಯಿಂದ ಹುಟ್ಟಿದ ಅಂಗವಲ್ಲ. ಅದರ ಮೇಲಿನ ತೆಳುಪದರದ ಹುಟ್ಟೇ ಬೇರೆ, ಅದರಲ್ಲಿ ಈ ಹಾಕ್ಸ್ ಜೀನ್‌ಗಳು ಕೆಲಸ ಮಾಡುವುದಿಲ್ಲ. ಆದರೂ ಅಂಡಾಶಯದ ಕ್ಯಾನ್ಸರನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕೆಲವು ಗಡ್ಡೆ ಅಂಡನಾಳದ ಒಳಪದರದಂತೆ, ಕೆಲವು ಗರ್ಭಕೋಶದ ಒಳಪದರದಂತೆ, ಕೆಲವು ಗರ್ಭಕಂಠದ ಲೋಳೆಗ್ರಂಥಿಗಳಂತೆ ಕಾಣುತ್ತವೆ. ಇರುವ ಅಂಗ ಒಂದು, ಗಡ್ಡೆಯ ಮುಖ ಇನ್ನೊಂದು.

2005ರಲ್ಲಿ ಟೆಕ್ಸಾಸ್‌ನ ಎಂ.ಡಿ. ಆಂಡರ್ಸನ್ ಕ್ಯಾನ್ಸರ್ ಕೇಂದ್ರದ ಹೊನಾಮಿ ನಾವೊರಾ ಅವರ ತಂಡ ಇದಕ್ಕೆ ಒಂದು ಚೊಕ್ಕ ಪ್ರಯೋಗ ಮಾಡಿತು. ಇಲಿಯ ಅಂಡಾಶಯದ ಮೇಲ್ಪದರದಿಂದ ತೆಗೆದು, ಕ್ಯಾನ್ಸರ್ ಆಗುವ ಸ್ಥಿತಿಗೆ ತಂದ ಜೀವಕೋಶಗಳಲ್ಲಿ ಹಾಕ್ಸ್‌ಎ9 ಜೀನನ್ನು ಚಾಲೂ ಮಾಡಿದಾಗ ಅಂಡನಾಳದ ಮುಖದ ಗಡ್ಡೆ ಬಂತು. ಹಾಕ್ಸ್‌ಎ10 ಚಾಲೂ ಮಾಡಿದಾಗ ಗರ್ಭಕೋಶದ ಮುಖ. ಹಾಕ್ಸ್‌ಎ11ಕ್ಕೆ ಲೋಳೆಗ್ರಂಥಿಯ ಮುಖ. ಭ್ರೂಣದಲ್ಲಿ ಕೊಳವೆಗೆ ವಿಳಾಸ ಬರೆದ ಜೀನ್‌ಗಳೇ ಕ್ಯಾನ್ಸರಿಗೂ ಮುಖ ಕೊಡುತ್ತಿವೆ. 2012ರಲ್ಲಿ ಅದೇ ತಂಡ ಇನ್ನೊಂದು ಸಂಗತಿ ತೋರಿಸಿತು. ಹಾಕ್ಸ್‌ಎ9 ಬರೀ ರೂಪ ಕೊಟ್ಟು ಸುಮ್ಮನಾಗುವುದಿಲ್ಲ. ಕ್ಯಾನ್ಸರ್ ಹೋಗಿ ನೆಲೆಸುವ ಹೊಟ್ಟೆಯೊಳಗಿನ ಪೊರೆಯ ಸಾಧಾರಣ ಜೀವಕೋಶಗಳನ್ನೂ ತನ್ನ ಕಡೆ ಮಾಡಿಕೊಂಡು ಗಡ್ಡೆಗೆ ಪೋಷಣೆ ಸಿಗುವ ಹಾಗೆ ನೋಡಿಕೊಳ್ಳುತ್ತದೆ.

ಇದರ ಜೊತೆಜೊತೆಗೇ ಇನ್ನೊಂದು ಕಡೆಯಿಂದ ಬೇರೆ ಸುದ್ದಿ ಬರುತ್ತಿತ್ತು. 2001ರಲ್ಲಿ ನೆದರ್‌ಲ್ಯಾಂಡ್ಸ್‌ನ ವೈದ್ಯರು, ಮನೆತನದಲ್ಲಿ ಕ್ಯಾನ್ಸರ್ ಇರುವ ಕಾರಣಕ್ಕೆ ಮುಂಜಾಗ್ರತೆಯಾಗಿ ಅಂಡಾಶಯ ಮತ್ತು ನಾಳ ತೆಗೆಸಿಕೊಂಡ ಮಹಿಳೆಯರ ನಾಳಗಳನ್ನು ಸೂಕ್ಷ್ಮವಾಗಿ ಪರೀಕ್ಷಿಸಿದರು. ಕೆಡಲು ಶುರುವಾದ ಜೀವಕೋಶಗಳು ಸಿಕ್ಕಿದ್ದು ಅಂಡಾಶಯದಲ್ಲಲ್ಲ, ನಾಳದಲ್ಲಿ. ಮುಂದೆ ಬಾಸ್ಟನ್ನಿನ ರೋಗತಜ್ಞರು ನಾಳದ ತುದಿಯನ್ನು, ಅಂಡಾಶಯದ ಮೇಲೆ ಕುಚ್ಚಿನ ಹಾಗೆ ಇಳಿಬಿದ್ದಿರುವ ಭಾಗವನ್ನು, ತೆಳ್ಳಗೆ ಹೋಳು ಮಾಡಿ ನೋಡುವ ಕ್ರಮ ತಂದರು. ಹೈ ಗ್ರೇಡ್ ಸೀರಸ್ ಎಂಬ ಜಾತಿಯ ಕ್ಯಾನ್ಸರಿನ ಬೀಜ ಬಹುಪಾಲು ಅಲ್ಲಿಯೇ ಸಿಕ್ಕಿತು. ಅಂಡಾಶಯದ ಕ್ಯಾನ್ಸರಿನಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಣುವುದೂ, ಹೆಚ್ಚು ಜೀವ ತೆಗೆಯುವುದೂ ಇದೇ ಜಾತಿ. ಅಲ್ಲಿಂದ ಉದುರಿದ ಜೀವಕೋಶ ಪಕ್ಕದಲ್ಲೇ ಇರುವ ಅಂಡಾಶಯದ ಮೇಲೆ ಕೂತು ಬೆಳೆಯುತ್ತದೆ. ದೊಡ್ಡದಾದಾಗ ಕಣ್ಣಿಗೆ ಬೀಳುವುದು ಅಂಡಾಶಯದ ಗಡ್ಡೆ, ಆದ್ದರಿಂದ ರೋಗಕ್ಕೆ ಅದರದೇ ಹೆಸರು.

ಹಾಗಿದ್ದರೆ ನಾವೊರಾ ಅವರ ಕಥೆ ಸುಳ್ಳೇ? ಹಾಗಲ್ಲ ಎಂದು ನನ್ನ ತಿಳಿವಳಿಕೆ. ಈ ಜಾತಿಯ ಮಟ್ಟಿಗೆ ನಾಳದ ತುದಿಯ ಕಡೆ ಪುರಾವೆ ಗಟ್ಟಿಯಾಗಿದೆ. ಗರ್ಭಕೋಶದ ಮುಖ ಹೊತ್ತ ಗಡ್ಡೆಗಳಲ್ಲಿ ಹಲವು, ಗರ್ಭಕೋಶದ ಒಳಪದರ ತಪ್ಪಿದ ಜಾಗದಲ್ಲಿ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಿಂದ ಬರುತ್ತವೆ. ಎಲ್ಲಿಂದಲೇ ಬರಲಿ, ಆ ಜೀವಕೋಶ ತನ್ನ ಭ್ರೂಣಕಾಲದ ಗುರುತನ್ನು ಬಿಡುವುದಿಲ್ಲ, ಆ ಗುರುತಿನ ಬಲದಿಂದಲೇ ಬದುಕುತ್ತದೆ ಎಂಬುದು ಎರಡೂ ಕಡೆಯವರು ತೋರಿಸಿದ ಸತ್ಯ. ಪ್ಯಾಕ್ಸ್8 ಇದಕ್ಕೆ ಒಳ್ಳೆಯ ಉದಾಹರಣೆ. ಥೈರಾಯ್ಡ್ ಗ್ರಂಥಿ, ಮೂತ್ರಪಿಂಡ, ಮ್ಯುಲರ್ ಕೊಳವೆ ಇವು ಬೆಳೆಯುವಾಗ ದುಡಿಯುವ ಜೀನ್ ಇದು. ದೊಡ್ಡವರಾದ ಮೇಲೂ ಅಂಡನಾಳದ ಸ್ರಾವ ಸುರಿಸುವ ಜೀವಕೋಶಗಳಲ್ಲಿ ಅದು ಚಾಲೂ ಇರುತ್ತದೆ. 2011ರಲ್ಲಿ ಅಮೆರಿಕದ ಸಂಶೋಧಕರು ಕ್ಯಾನ್ಸರ್ ಜೀವಕೋಶಗಳಲ್ಲಿ ಸಾವಿರಾರು ಜೀನ್‌ಗಳನ್ನು ಒಂದೊಂದಾಗಿ ಸುಮ್ಮನಾಗಿಸಿ ನೋಡಿದರು. ಪ್ಯಾಕ್ಸ್8 ನಿಲ್ಲಿಸಿದರೆ ಅಂಡಾಶಯ ಕ್ಯಾನ್ಸರಿನ ಜೀವಕೋಶಗಳು ಸಾಯುತ್ತಿದ್ದವು.

ಈಗ ಆ ಹಾಳೆ ಓದಬಹುದು. ಪ್ಯಾಕ್ಸ್8 ಪಾಸಿಟಿವ್ ಎಂದರೆ ಹೊಟ್ಟೆಯೊಳಗೆ ಹರಡಿರುವ ಈ ಗಡ್ಡೆ ಜಠರದಿಂದಲೋ ಕರುಳಿನಿಂದಲೋ ಬಂದದ್ದಲ್ಲ, ಹೆಚ್ಚಾಗಿ ಮ್ಯುಲರ್ ಕೊಳವೆಯ ವಂಶದ್ದು. ಡಬ್ಲ್ಯುಟಿ1 ಎಂಬುದು ಮೂತ್ರಪಿಂಡ ಮತ್ತು ಅಂಡಾಶಯ ಬೆಳೆಯಲು ಬೇಕಾದ ಜೀನ್. ಅದು ಪಾಸಿಟಿವ್ ಆದರೆ ಗರ್ಭಕೋಶದ ಒಳಪದರದ್ದಾಗಿರುವ ಸಾಧ್ಯತೆ ಕಡಿಮೆ, ನಾಳ ಅಂಡಾಶಯದ ಕಡೆಯದಾಗಿರುವ ಸಾಧ್ಯತೆ ಹೆಚ್ಚು. ಹೊಟ್ಟೆ ತುಂಬ ನೀರು, ಎಲ್ಲ ಕಡೆ ಗಂಟು ಇರುವ ರೋಗಿಯಲ್ಲಿ ಗಡ್ಡೆಯ ತುಂಡಿಗೆ ಬಣ್ಣ ಹಾಕಿ ನೋಡುವ ಈ ಎರಡು ಪರೀಕ್ಷೆಗಳಿಂದ ಯಾವ ಕೀಮೋ ಕೊಡಬೇಕು ಎಂಬುದೇ ಬದಲಾಗುತ್ತದೆ. ಮೂರನೆಯ ಸಾಲಿನ ಪಿ53 ಬೆಳವಣಿಗೆಯ ಜೀನ್ ಅಲ್ಲ, ಜೀವಕೋಶ ಕೆಟ್ಟರೆ ತಡೆಯುವ ಕಾವಲಿನ ಜೀನ್. 2011ರಲ್ಲಿ ಪ್ರಕಟವಾದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಅಧ್ಯಯನದಲ್ಲಿ ಹೈ ಗ್ರೇಡ್ ಸೀರಸ್ ಗಡ್ಡೆಗಳ ಪೈಕಿ ಶೇ. 96ರಲ್ಲಿ ಅದು ಕೆಟ್ಟಿತ್ತು.

ಇಲ್ಲಿ ಮಗಳ ಪ್ರಶ್ನೆಗೆ ಬರೋಣ. ಹಾಕ್ಸ್, ಪ್ಯಾಕ್ಸ್8, ಡಬ್ಲ್ಯುಟಿ1 ಇವು ತಾಯಿಯ ಗಡ್ಡೆಯಲ್ಲಿ ಪಾಸಿಟಿವ್ ಬಂದರೆ ಮಗಳಿಗೆ ಏನೋ ದಾಟಿದೆ ಎಂದು ಅರ್ಥವಲ್ಲ. ಈ ಜೀನ್‌ಗಳು ಎಲ್ಲ ಹೆಂಗಸರಲ್ಲಿಯೂ, ಗಂಡಸರಲ್ಲಿಯೂ ಇವೆ. ಗಡ್ಡೆಯಲ್ಲಿ ಇವುಗಳ ಅಕ್ಷರ ಸಾಮಾನ್ಯವಾಗಿ ಕೆಟ್ಟಿರುವುದಿಲ್ಲ, ಇವು ಕೆಲಸ ಮಾಡುತ್ತಿವೆ, ಅಷ್ಟೇ. ‘ಪಾಸಿಟಿವ್’ ಎಂಬ ಪದ ನೋಡಿ ಇಡೀ ಮನೆತನಕ್ಕೇ ರೋಗ ಅಂಟಿದೆ ಎಂದುಕೊಂಡು ಮಗಳ ಸಂಬಂಧ ನಿಂತುಹೋಗುವಂಥ ಊರುಗಳಲ್ಲಿ ಈ ಮಾತನ್ನು ಗಟ್ಟಿಯಾಗಿ ಹೇಳಬೇಕು. ಮನೆತನದಲ್ಲಿ ಹರಿಯುವುದು ಬಿಆರ್‌ಸಿಎ1, ಬಿಆರ್‌ಸಿಎ2 ಮುಂತಾದ ಡಿಎನ್‌ಎ ರಿಪೇರಿ ಮಾಡುವ ಜೀನ್‌ಗಳ ದೋಷ. ಸುಮಾರು ಐದರಲ್ಲಿ ಒಬ್ಬ ರೋಗಿಯಲ್ಲಿ ಇಂಥ ಹುಟ್ಟಿನಿಂದ ಬಂದ ದೋಷ ಸಿಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕುಮಾರವೇಲ್ ಸೋಮಸುಂದರಂ ತಂಡ ಮತ್ತು ಕಿದ್ವಾಯಿ ಆಸ್ಪತ್ರೆಯ ವೈದ್ಯರು ಸೇರಿ 2009ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಶ್ಕೆನಾಜಿ ಯಹೂದಿಗಳಲ್ಲಿ ಪ್ರಸಿದ್ಧವಾದ ಒಂದು ಬಿಆರ್‌ಸಿಎ1 ದೋಷ ದಕ್ಷಿಣ ಭಾರತದ ರೋಗಿಗಳಲ್ಲಿಯೂ ಹೆಚ್ಚಾಗಿ ಕಂಡಿತ್ತು. ಆ ದೋಷ ಅಪ್ಪನ ಕಡೆಯಿಂದಲೂ ಬರಬಹುದು. ಸೋದರತ್ತೆಗೆ ಸ್ತನ ಕ್ಯಾನ್ಸರ್ ಆಗಿತ್ತು ಎಂಬುದನ್ನು ‘ಅದು ಅಪ್ಪನ ಕಡಿ, ನಮಗೇನು’ ಎಂದು ಡಾಕ್ಟರ ಮುಂದೆ ಬಿಟ್ಟುಬಿಡಬಾರದು. ಬಿಆರ್‌ಸಿಎ1 ಕೆಟ್ಟಿದ್ದರೆ 80 ವರ್ಷದೊಳಗೆ ಅಂಡಾಶಯ ಕ್ಯಾನ್ಸರ್ ಬರುವ ಸಾಧ್ಯತೆ ಶೇ. 44ರಷ್ಟು, ಬಿಆರ್‌ಸಿಎ2ಕ್ಕೆ ಶೇ. 17ರಷ್ಟು ಎಂದು 2017ರ ದೊಡ್ಡ ಅಧ್ಯಯನವೊಂದು ಲೆಕ್ಕ ಹಾಕಿದೆ. ಇದನ್ನು ತಿಳಿಯಲು ರಕ್ತದ ಪರೀಕ್ಷೆ ಇದೆ. ತಾಯಿಗೆ ಮೊದಲು, ದೋಷ ಸಿಕ್ಕರೆ ಮಾತ್ರ ಮಕ್ಕಳಿಗೆ.

ಭ್ರೂಣದ ಜೀನ್‌ಗಳ ಕೈವಾಡ ಇಷ್ಟಕ್ಕೇ ಮುಗಿಯುವುದಿಲ್ಲ. ಭ್ರೂಣ ಬೆಳೆಯುವಾಗ ಜೀವಕೋಶಗಳು ಒಂದನ್ನೊಂದು ಬಿಟ್ಟು ಸರಿದು ಬೇರೆ ಜಾಗಕ್ಕೆ ಹೋಗಿ ನೆಲೆಸಬೇಕಾಗುತ್ತದೆ. ಅದಕ್ಕೆ ಸ್ನೇಲ್, ಸ್ಲಗ್ ಎಂಬ ಜೀನ್‌ಗಳಿವೆ. ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದಲ್ಲಿ ಶರ್ಮಿಳಾ ಬಾಪಟ್ ಅವರ ತಂಡ 2005ರಲ್ಲಿ ಅಂಡಾಶಯ ಕ್ಯಾನ್ಸರಿನ ಕಾಂಡಕೋಶಗಳನ್ನು, ಅಂದರೆ ಗಡ್ಡೆಯನ್ನು ಮತ್ತೆ ಬೆಳೆಸಬಲ್ಲ ಜೀವಕೋಶಗಳನ್ನು, ಬೇರ್ಪಡಿಸಿ ತೋರಿಸಿತು. ಮುಂದೆ 2009ರಲ್ಲಿ ಇದೇ ಸ್ನೇಲ್ ಮತ್ತು ಸ್ಲಗ್ ಜೀನ್‌ಗಳು ಕೀಮೋ ಮತ್ತು ವಿಕಿರಣಕ್ಕೆ ಬಗ್ಗದಂತೆ ಆ ಜೀವಕೋಶಗಳನ್ನು ಕಾಯುತ್ತವೆ ಎಂದು ತೋರಿಸಿತು. ಮೊದಲ ಸುತ್ತಿನ ಕೀಮೋದಲ್ಲಿ ಗಡ್ಡೆ ಕರಗಿ, ಮನೆಯವರೆಲ್ಲ ಗೆದ್ದೆವು ಅಂದುಕೊಂಡು, ಎರಡು ವರ್ಷದೊಳಗೆ ರೋಗ ಮರಳುವ ಸಂಕಟ ಈ ಕ್ಯಾನ್ಸರಿನಲ್ಲಿ ಬಹಳ. ಅದರ ಒಂದು ಕಾರಣ ಇಲ್ಲಿದೆ.

ಬೆಂಗಳೂರಿನ ಒಂದು ಕೆಲಸವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈ ರೋಗದಲ್ಲಿ ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಉಸಿರಾಡಲು ಕಷ್ಟವಾದಾಗ ಸೂಜಿ ಚುಚ್ಚಿ ಬಾಟಲಿಗಟ್ಟಲೆ ತೆಗೆಯುತ್ತಾರೆ. ಹಳದಿ ಬಣ್ಣದ, ಕೆಲವೊಮ್ಮೆ ರಕ್ತ ಬೆರೆತ ನೀರು. ವಾರ್ಡಿನಲ್ಲಿ ಅದನ್ನು ಚೆಲ್ಲಿಬಿಡುತ್ತಾರೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮ್‌ರೇ ಭಟ್ ಅವರ ಪ್ರಯೋಗಾಲಯ ಆ ನೀರಿನಲ್ಲಿ ತೇಲುವ ಜೀವಕೋಶದ ಉಂಡೆಗಳನ್ನು ಅಭ್ಯಾಸ ಮಾಡಿತು. ಮೊದಮೊದಲು ಅವು ಗಂಟುಗಂಟಾದ ಒತ್ತೊತ್ತಾದ ಮುದ್ದೆ. ದಿನ ಕಳೆದಂತೆ ಮೇಲ್ಮೈ ನುಣುಪಾಗಿ, ಒಳಗೆ ಟೊಳ್ಳು ಮೂಡುತ್ತದೆ. ಗರ್ಭ ಕಟ್ಟಿದ ಮೊದಲ ವಾರದಲ್ಲಿ ಭ್ರೂಣ ದಾಟುವ ಎರಡು ಹಂತಗಳೂ ಹೀಗೆಯೇ ಇರುತ್ತವೆ. ಸಂಶೋಧಕರು ಉಂಡೆಗಳಿಗೆ ಆ ಹಂತಗಳ ಹೆಸರನ್ನೇ ಇಟ್ಟರು. ಟೊಳ್ಳಾದ ಉಂಡೆಯ ಸುತ್ತ ಕೊಲಾಜೆನ್4 ಇರುವ ತೆಳುಪೊರೆ ಇರುತ್ತದೆ. ಆ ಪೊರೆಯನ್ನು ಕಿಣ್ವದಿಂದ ಕರಗಿಸಿದಾಗ ಉಂಡೆ ಟೊಳ್ಳು ಕಳೆದುಕೊಂಡು ಹಳೆಯ ಮುದ್ದೆಯಾಯಿತು. 2021ರಲ್ಲಿ ಪ್ರಕಟವಾದ ಈ ಕೆಲಸ ನನಗೆ ಬಹಳ ಮುಖ್ಯ ಎನಿಸುತ್ತದೆ. ಔಷಧ ಇಂದೇ ಸಿಗುತ್ತದೆ ಎಂದಲ್ಲ. ರೋಗ ಹರಡುವ ಬಗೆಯಲ್ಲಿಯೂ ಭ್ರೂಣದ ನಡೆ ಇದೆ, ಆ ನಡೆಯನ್ನು ತಡೆಯಲು ಹಿಡಿಯಬೇಕಾದ ಜಾಗ ಜೀವಕೋಶದ ಹೊರಗಿನ ಪೊರೆಯಲ್ಲಿಯೂ ಇರಬಹುದು ಎಂದು ಅದು ತೋರಿಸಿತು.

ಅಂಡಾಶಯದ್ದೇ ಆದ ಒಂದು ಅಪರೂಪದ ಗಡ್ಡೆಯೂ ಇದೆ, ಗ್ರಾನ್ಯುಲೋಸಾ ಜೀವಕೋಶದ್ದು. ಕೆನಡಾದ ವ್ಯಾಂಕೂವರಿನ ತಂಡ 2009ರಲ್ಲಿ ದೊಡ್ಡವರಲ್ಲಿ ಬರುವ ಇಂಥ ಗಡ್ಡೆಗಳಲ್ಲಿ ಬಹುತೇಕ ಎಲ್ಲದರಲ್ಲಿಯೂ ಫಾಕ್ಸ್‌ಎಲ್2 ಜೀನಿನ ಒಂದೇ ಒಂದು ಅಕ್ಷರ ಬದಲಾಗಿರುವುದನ್ನು ಕಂಡಿತು. ಫಾಕ್ಸ್‌ಎಲ್2 ಅಂಡಾಶಯವನ್ನು ಅಂಡಾಶಯವಾಗಿ ಉಳಿಸುವ ಜೀನ್. ಅದೇ ವರ್ಷದ ಇನ್ನೊಂದು ಪ್ರಯೋಗದಲ್ಲಿ, ಬೆಳೆದ ಹೆಣ್ಣಿಲಿಯಲ್ಲಿ ಈ ಜೀನ್ ಅಳಿಸಿದಾಗ ಅಂಡಾಶಯದ ಜೀವಕೋಶಗಳು ವೃಷಣದ ಜೀವಕೋಶಗಳಂತೆ ಆಗತೊಡಗಿದವು. ಹುಟ್ಟಿದ ಮೇಲೂ ಅಂಗ ತನ್ನ ಗುರುತನ್ನು ದಿನದಿನವೂ ಕಾಯ್ದುಕೊಳ್ಳಬೇಕು.

ಇಷ್ಟು ತಿಳಿದರೂ ರೋಗವನ್ನು ಬೇಗ ಹಿಡಿಯುವುದು ಸಾಧ್ಯವಾಗಿಲ್ಲ. ಬ್ರಿಟನ್ನಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಮಹಿಳೆಯರ ಅಧ್ಯಯನವೊಂದರಲ್ಲಿ ಸುಮಾರು ಅರ್ಧದಷ್ಟು ಮಂದಿಯನ್ನು ಸಿಎ125 ರಕ್ತ ಪರೀಕ್ಷೆ ಇಲ್ಲವೇ ಸ್ಕ್ಯಾನಿಂಗಿನಿಂದ ವರ್ಷಗಟ್ಟಲೆ ಗಮನಿಸಿದರು. ಸಾವು ಕಡಿಮೆಯಾಗಲಿಲ್ಲ ಎಂದು 2021ರಲ್ಲಿ ಫಲಿತಾಂಶ ಬಂತು. ಆದ್ದರಿಂದ ಎಲ್ಲರಿಗೂ ಪ್ಯಾಕೇಜು ಮಾಡಿ ಸಿಎ125 ಮಾಡಿಸುವುದರಿಂದ ಉಪಯೋಗವಿಲ್ಲ. ಭಾರತದ ಹೆಂಗಸರಲ್ಲಿ ಸ್ತನ ಮತ್ತು ಗರ್ಭಕಂಠದ ನಂತರ ಮೂರನೆಯ ಸ್ಥಾನ ಈ ಕ್ಯಾನ್ಸರಿನದು. ಹೆಚ್ಚಿನವರು ಬರುವುದು ಮೂರು ನಾಲ್ಕನೆಯ ಹಂತದಲ್ಲಿ. ಬ್ಯಾಡಗಿ ಪೇಟೆಯಲ್ಲಿ ದಿನವಿಡೀ ಮೆಣಸಿನಕಾಯಿ ತುಂಬು ಬಿಡಿಸುವ ಹೆಂಗಸು ‘ಹೊಟ್ಟಿ ಉಬ್ಬತೈತಿ, ಎರಡು ತುತ್ತಿಗೆ ಸಾಕನಸತೈತಿ’ ಎಂದರೆ ಖಾರದ ಘಾಟಿಗೆ, ಗ್ಯಾಸಿಗೆ ಅದನ್ನು ಹಚ್ಚಿಬಿಡುವುದು ಸುಲಭ. ನಲವತ್ತೈದು ಐವತ್ತು ದಾಟಿದವರಲ್ಲಿ ಹೊಟ್ಟೆಯುಬ್ಬರ, ಬೇಗ ಹೊಟ್ಟೆ ತುಂಬಿದ ಭಾವ, ಕಿಬ್ಬೊಟ್ಟೆ ನೋವು, ಪದೇಪದೇ ಮೂತ್ರ ಇವು ಹೊಸದಾಗಿ ಶುರುವಾಗಿ ಎರಡು ಮೂರು ವಾರವಾದರೂ ಬಿಡದಿದ್ದರೆ ಗ್ಯಾಸಿನ ಗುಳಿಗೆ ನಿಲ್ಲಿಸಿ ಹಾವೇರಿಯ ಜಿಲ್ಲಾಸ್ಪತ್ರೆಯಲ್ಲಾದರೂ ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಬೇಕು.

ತಡೆಯುವ ದಾರಿ ಒಂದಿದೆ, ಅದು ಹೊರಟದ್ದು ನಾಳದ ತುದಿಯ ಸಂಶೋಧನೆಯಿಂದಲೇ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 2010ರಿಂದ, ಬೇರೆ ಕಾರಣಕ್ಕೆ ಶಸ್ತ್ರಚಿಕಿತ್ಸೆ ಆಗುವ, ಮಕ್ಕಳು ಸಾಕು ಎಂದು ತೀರ್ಮಾನಿಸಿದ ಮಹಿಳೆಯರಿಗೆ ಎರಡೂ ನಾಳಗಳನ್ನು ಪೂರ್ತಿ ತೆಗೆದು, ಅಂಡಾಶಯಗಳನ್ನು ಹಾಗೇ ಉಳಿಸುವ ಪದ್ಧತಿ ಬಂತು. 2022ರ ಅವರ ವರದಿಯಲ್ಲಿ, ನಾಳ ತೆಗೆಸಿಕೊಂಡವರ ಗುಂಪಿನಲ್ಲಿ ಐದು ಸೀರಸ್ ಕ್ಯಾನ್ಸರ್ ಬರಬಹುದು ಎಂದು ಲೆಕ್ಕವಿದ್ದ ಕಡೆ ಒಂದೂ ಬಂದಿರಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಮಂದಿ ಸಂತಾನಹರಣ ಆಪರೇಶನ್ ಮಾಡಿಸಿಕೊಂಡವರು. ಇವರ ನಾಳದ ನಡುವೆ ಕತ್ತರಿಸುತ್ತಾರೆ ಇಲ್ಲವೇ ಉಂಗುರ ಹಾಕುತ್ತಾರೆ. ಕುಚ್ಚಿನ ತುದಿ ಉಳಿದೇ ಇರುತ್ತದೆ.

ಇಲ್ಲಿ ನಾನು ಎಚ್ಚರದಿಂದ ಮಾತಾಡಬೇಕು. ಹಾವೇರಿ ಜಿಲ್ಲೆಯಲ್ಲಿ ಅಂಗ ತೆಗೆಯುವ ಮಾತು ಎತ್ತಿದರೆ ಹೆಂಗಸರು ಬೆಚ್ಚುವುದಕ್ಕೆ ಕಾರಣವಿದೆ. ರಾಣೆಬೆನ್ನೂರು ಭಾಗದ ತಾಂಡಾಗಳ ಹೆಂಗಸರು ತಮ್ಮ ಗರ್ಭಚೀಲವನ್ನು ಬೇಡದಿದ್ದರೂ ತೆಗೆದರು ಎಂದು ದೂರಿ, ಬೀದಿಗಿಳಿದು ಹೋರಾಡಿದವರು. ಮುಟ್ಟಿನ ತೊಂದರೆಗೆ ಗುಳಿಗೆ ಸಾಕಾಗುವ ಕಡೆ ಕ್ಯಾನ್ಸರಿನ ಹೆದರಿಕೆ ಹಾಕಿ ಕತ್ತಿ ಹಿಡಿಯುವುದು ಅನ್ಯಾಯ. ನಾಳದ ವಿಜ್ಞಾನವನ್ನು ಅಂಥದಕ್ಕೆ ನೆಪ ಮಾಡಿಕೊಳ್ಳಲು ಯಾರಿಗೂ ಬಿಡಬಾರದು. ಗರ್ಭಚೀಲ ಮಾತ್ರ ತೆಗೆದರೆ ಅಂಡಾಶಯದ ಕ್ಯಾನ್ಸರ್ ತಪ್ಪುವುದಿಲ್ಲ, ನಾಳ ಮತ್ತು ಅಂಡಾಶಯ ಅಲ್ಲೇ ಇರುತ್ತವೆ. ಮುಟ್ಟು ನಿಲ್ಲುವ ಮೊದಲೇ ಅಂಡಾಶಯವನ್ನೂ ತೆಗೆದರೆ ಮೂಳೆ ಸವೆಯುತ್ತದೆ, ಹೃದಯಕ್ಕೆ ಕೆಡುಕು. ಬಿಆರ್‌ಸಿಎ ದೋಷ ಖಚಿತವಾದವರ ಲೆಕ್ಕ ಬೇರೆ. ಅವರಿಗೆ ಮಕ್ಕಳಾದ ಮೇಲೆ ಸಮಾಲೋಚನೆ ಮಾಡಿ ಎರಡನ್ನೂ ತೆಗೆಯುವುದು ಜೀವ ಉಳಿಸುತ್ತದೆ. ಉಳಿದವರಲ್ಲಿ, ಸಿಸೇರಿಯನ್ ಜೊತೆಗೆ ಸಂತಾನಹರಣವನ್ನೂ ಮಾಡಿಸಿಕೊಳ್ಳುವವರು, ನಿಜವಾದ ಕಾರಣಕ್ಕೆ ಗರ್ಭಚೀಲ ತೆಗೆಸಬೇಕಾದವರು, ಸುಸಜ್ಜಿತ ಥಿಯೇಟರ್ ಇರುವ ಆಸ್ಪತ್ರೆಯಲ್ಲಿ ಒಂದು ಪ್ರಶ್ನೆ ಕೇಳಬಹುದು: ‘ನಳಿ ಪೂರಾ ತೆಗೀತೀರೇನ್ರಿ, ಅಂಡಾಶಯ ಉಳಸತೀರೇನ್ರಿ?’ ಇದು ಶಿಬಿರಗಳಲ್ಲಿ ಸಾಲುಹಚ್ಚಿ ಮಾಡುವ ಕೆಲಸವಲ್ಲ. 2014ರಲ್ಲಿ ಛತ್ತೀಸಗಢದ ಬಿಲಾಸಪುರದ ಸಂತಾನಹರಣ ಶಿಬಿರಗಳ ನಂತರ ಹದಿಮೂರು ಹೆಂಗಸರು ಸತ್ತರು. ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು 2016ರಲ್ಲಿ ಸುಪ್ರೀಂ ಕೋರ್ಟು ಹೇಳಿತು.

ಬಿಪಿಎಲ್ ಕಾರ್ಡು ಇರುವ ಕುಟುಂಬಕ್ಕೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಇದೆ, ಕ್ಯಾನ್ಸರ್ ಅದರೊಳಗೆ ಬರುತ್ತದೆ. ಬಯಾಪ್ಸಿಯ ಹಾಳೆಯನ್ನು ಚೀಲದ ಅಡಿಯಲ್ಲಿ ಬಿಡದೆ ಪ್ರತಿ ಸಲವೂ ಮೇಲೆ ಇಟ್ಟುಕೊಂಡು ಹೋಗಬೇಕು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕಳಿಸಿದಾಗ ಹೊಸ ಡಾಕ್ಟರು ಮೊದಲು ಕೇಳುವುದು ಅದನ್ನೇ, ಅದು ಸಿಗದಿದ್ದರೆ ಗಡ್ಡೆಯ ತುಂಡಿನ ಬ್ಲಾಕು ತರಿಸಿ ಪರೀಕ್ಷೆ ಮತ್ತೆ ಮಾಡಿಸಲು ವಾರಗಳು ಹೋಗುತ್ತವೆ.